‘ರೈತ’ ಶಬ್ದಕ್ಕೆ ಸ್ತ್ರೀಲಿಂಗವೇನು?

ಕನ್ನಡದಲ್ಲಿ ಕಸುಬಿನ ಹೆಸರುಗಳಿಗೆ ಸ್ತ್ರೀಲಿಂಗ ರೂಪವನ್ನು ಮಾಡುವುದು ಬಹಳ ಸುಲಭ. ಹೂವಾಡಿಗನಿಗೆ ಹೂವಾಡಗಿತ್ತಿ, ಬಳೆಗಾರನಿಗೆ ಬಳೆಗಾರ್ತಿ, ಅಗಸನಿಗೆ ಅಗಸಗಿತ್ತಿ; ಗಂಡಸರೇ ಇಲ್ಲದ ಕಸುಬಿಗೂ ಸೂಲಗಿತ್ತಿ ಎಂಬ ಚೆಂದದ ಮಾತನ್ನು ನಮ್ಮ ಹಿರಿಯರು ಕಟ್ಟಿಕೊಟ್ಟಿದ್ದಾರೆ. ವ್ಯಾಕರಣದ ಈ ಪಾಠವನ್ನು ಓದುತ್ತಿದ್ದಾಗ ನನಗೊಂದು ಸಂದೇಹ ಹುಟ್ಟಿತು. ‘ರೈತ’ ಎಂಬ ಶಬ್ದಕ್ಕೆ ಸ್ತ್ರೀಲಿಂಗವೇನು? ‘ರೈತಳು’ ಎಂದರೆ ಕಿವಿಗೆ ಕಟುವಾಗುತ್ತದೆ. ‘ರೈತಿ’ ಎಂದು ಯಾರೂ ಅನ್ನುವುದಿಲ್ಲ. ‘ರೈತ ಮಹಿಳೆ’ ಎಂಬುದು ಎರಡು ಶಬ್ದಗಳನ್ನು ಕೂಡಿಸಿ ಹಾಕಿದ ತೇಪೆ. ‘ಒಕ್ಕಲಗಿತ್ತಿ’ ಎಂಬ ಹಳೆಯ ಮಾತು ಉಂಟು. ಆದರೆ ಅದು ಒಕ್ಕಲಿಗನ ಹೆಂಡತಿ ಅಥವಾ ಆ ಜಾತಿಯ ಹೆಂಗಸು ಎಂಬ ಅರ್ಥಕ್ಕೆ ಇಳಿದಿದೆಯೇ ಹೊರತು ಬೇಸಾಯ ಮಾಡುವವಳು ಎಂಬ ಅರ್ಥದಲ್ಲಿ ನಿಂತಿಲ್ಲ. ಇದು ಭಾಷಾಶಾಸ್ತ್ರದ ಜಿಜ್ಞಾಸೆ ಎಂದು ಅಧ್ಯಾಪಕ ಮಹನೀಯರಿಗೆ ಬಿಟ್ಟು ಸುಮ್ಮನಿರಬಹುದಿತ್ತು. ಆದರೆ ಶಬ್ದವಿಲ್ಲದಿದ್ದರೂ ಆ ಶಬ್ದ ಸೂಚಿಸಬೇಕಾದ ವ್ಯಕ್ತಿ ಪ್ರತಿ ಭಾನುವಾರ ಕಾರವಾರದ ಸಂತೆಯಲ್ಲಿ ಬುಟ್ಟಿಯ ಹಿಂದೆ ಕುಳಿತಿರುತ್ತಾಳೆ. ಆಕೆಯ ವಿಷಯವಾಗಿ ನಾಲ್ಕು ಮಾತು ಬರೆಯಬೇಕೆಂದು ಈ ಲೇಖನ.

ಭಾನುವಾರದ ಸಂತೆಯನ್ನು ನಮ್ಮಲ್ಲಿ ನೋಡದವರಿಲ್ಲ. ಆದರೆ ನೋಡುವುದು ಬೇರೆ, ಗಮನಿಸುವುದು ಬೇರೆ. ರಸ್ತೆಯ ನಡುವೆ, ಒಳ್ಳೆಯ ಜಾಗದಲ್ಲಿ, ತಾಡಪಾಲು ಕಟ್ಟಿಕೊಂಡು ತಕ್ಕಡಿ ಇಟ್ಟುಕೊಂಡು ಕೂಗುವವರು ಬಹುಮಟ್ಟಿಗೆ ಘಟ್ಟದ ಮೇಲಿನಿಂದ ಲಾರಿಯಲ್ಲಿ ತರಕಾರಿ ತಂದ ವ್ಯಾಪಾರಿಗಳು. ಅವರ ಮೇಲೆ ನನಗೆ ಯಾವ ಅಸಮಾಧಾನವೂ ಇಲ್ಲ. ಅವರೂ ರಾತ್ರಿಯೆಲ್ಲ ಎಚ್ಚರವಿದ್ದು ಬಂದವರೇ. ಅವರನ್ನು ದಾಟಿ ಅಂಚಿಗೆ ಹೋದರೆ, ಗೋಡೆಯ ಬುಡದಲ್ಲೋ ಮುಚ್ಚಿದ ಅಂಗಡಿಯ ಮೆಟ್ಟಿಲಿನ ಮೇಲೋ, ಒಂದು ಬುಟ್ಟಿಯನ್ನೋ ಒಂದು ಗೋಣಿಚೀಲವನ್ನೋ ಮುಂದಿಟ್ಟುಕೊಂಡ ಹೆಂಗಸರ ಸಾಲು ಕಾಣುತ್ತದೆ. ಅವರಲ್ಲಿ ಕೊರಳ ತುಂಬ ಕರಿಮಣಿಯ ಸರ ಹಾಕಿದ ಹಾಲಕ್ಕಿ ಒಕ್ಕಲಿನ ತಾಯಂದಿರನ್ನು ದೂರದಿಂದಲೇ ಗುರುತಿಸಬಹುದು. ಇತರ ಜಾತಿಯವರೂ ಧಾರಾಳವಾಗಿದ್ದಾರೆ. ಕೆಂಪು ಹರಿವೆ, ಬಸಳೆ, ಮೊಗೆಕಾಯಿ, ಅಲಸಂದೆ, ಕೆಸುವಿನ ಸೊಪ್ಪು, ಗೆಣಸು: ಅವರ ಮುಂದೆ ಇರುವುದೆಲ್ಲ ಅವರದೇ ಗದ್ದೆ ಹಿತ್ತಿಲುಗಳಿಂದ ಬಂದದ್ದು. ಅವರೊಡನೆಯೇ ಮುಂಡಿಗೆ ಎಲೆಯ ಚಾಪೆ ಹೆಣೆದು ತಂದವಳು, ತೆಂಗಿನ ಗರಿಯಿಂದ ಹಿಡಿಕಡ್ಡಿ ಕಟ್ಟಿದವಳು, ಹಲಸಿನ ಹಪ್ಪಳ ಮಾಡಿದವಳು, ಮುರುಗಲು ಸಿಪ್ಪೆಯನ್ನು ಒಣಗಿಸಿ ತಂದವಳು ಕೂಡ ಕುಳಿತಿರುತ್ತಾರೆ. ಬೇಸಗೆಯಲ್ಲಿ ದಕ್ಷಿಣಕ್ಕೆ ಹೊರಟರೆ ಕುಮಟೆಯ ಬಳಿ ಹೆದ್ದಾರಿಯ ಬದಿಗೆ ಅಳ್ವೆಕೋಡಿಯ ಸಿಹಿ ಈರುಳ್ಳಿಯ ಗೊಂಚಲುಗಳು ತೂಗುತ್ತವೆ. ಅಂಕೋಲೆಯಲ್ಲಿ ಮೇ ತಿಂಗಳೆಂದರೆ ಈಶಾಡು ಮಾವಿನ ಬುಟ್ಟಿಗಳು. ಅಂಕೋಲೆಯ ಕರಿ ಈಶಾಡಿಗೆ ೨೦೨೩ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಹಣ್ಣಿಗೆ ಗುರುತಿನ ಚೀಟಿ ದೊರೆತ ಕಥೆ ಅದು. ಬುಟ್ಟಿ ಹೊತ್ತವಳ ಗುರುತಿನ ಚೀಟಿಯ ಕಥೆಗೆ ಮುಂದೆ ಬರುತ್ತೇನೆ.

ನನ್ನ ತಾಯಿಯೂ ಆ ಸಾಲಿನಲ್ಲಿ ಕೂರುವವಳು. ಆದುದರಿಂದ ನನ್ನ ಬರವಣಿಗೆಯಲ್ಲಿ ಸ್ವಲ್ಪ ಪಕ್ಷಪಾತ ಕಂಡರೆ ಅದು ಸಹಜ. ಆದರೆ ಪಕ್ಷಪಾತದಿಂದ ಒಂದು ಲಾಭವೂ ಉಂಟು: ಬುಟ್ಟಿಯ ಹಿಂದಿನ ಕೆಲಸವನ್ನು ನಾನು ಬಲ್ಲೆ. ಭತ್ತದ ಕೊಯ್ಲು ಮುಗಿದ ಮೇಲೆ, ಗದ್ದೆಯ ಪಸೆ ಆರುವ ಮೊದಲೇ ತರಕಾರಿಯ ಓಳಿಗಳನ್ನು ಮಾಡಬೇಕು. ಹರಿವೆಯ ಬೀಜ ಸಾಸಿವೆಗಿಂತ ಸಣ್ಣದು. ಹಾಗೆಯೇ ಎರಚಿದರೆ ಒಂದೇ ಕಡೆ ಬಿದ್ದು ಗಿಡಗಳು ಒತ್ತೊತ್ತಾಗಿ ಏಳುತ್ತವೆ, ಅದಕ್ಕಾಗಿ ಮರಳಿನಲ್ಲಿ ಬೆರೆಸಿ ಎರಚುತ್ತಾರೆ. ಗದ್ದೆಯ ಮೂಲೆಯಲ್ಲಿ ತೋಡಿದ ಗುಂಡಿಬಾವಿಯಿಂದ ಬೆಳಗ್ಗೆ ಸಂಜೆ ಕೊಡದಲ್ಲಿ ನೀರು. ಒಂದೊಂದು ಓಳಿಗೆ ಎಷ್ಟು ಕೊಡ ಎಂಬ ಲೆಕ್ಕ ಯಾವ ಪುಸ್ತಕದಲ್ಲಿಯೂ ಇಲ್ಲ, ಸೊಂಟಕ್ಕೆ ಮಾತ್ರ ಗೊತ್ತು. ಶನಿವಾರ ಸಂಜೆ ಕಿತ್ತ ಸೊಪ್ಪನ್ನು ತೊಳೆದು ಬಾಳೆನಾರಿನಿಂದ ಕಟ್ಟು ಕಟ್ಟಿ ಒದ್ದೆ ಬಟ್ಟೆ ಹೊದಿಸಿ ಇಡುತ್ತಾರೆ. ಮಾರನೆಯ ದಿನ ಕತ್ತಲಿರುವಾಗಲೇ ಎದ್ದು ಗಂಜಿ ಬೇಯಿಸಿಟ್ಟು, ಕೊಟ್ಟಿಗೆಯ ಕೆಲಸ ತೀರಿಸಿ, ಮೊದಲ ಬಸ್ಸನ್ನು ಹಿಡಿಯಬೇಕು. ಬಸ್ಸಿನಲ್ಲಿ ಬುಟ್ಟಿಗೊಂದು ಟಿಕೆಟು.

ಇನ್ನು ವ್ಯಾಪಾರ. ಅರ್ಥಶಾಸ್ತ್ರದ ತರಗತಿಯಲ್ಲಿ ನಾವು ಬೇಡಿಕೆ ಪೂರೈಕೆಗಳ ರೇಖೆಗಳನ್ನು ಕಪ್ಪುಹಲಗೆಯ ಮೇಲೆ ಎಳೆದು ನೋಡುತ್ತೇವೆ. ಈ ತಾಯಂದಿರು ಅದನ್ನು ದಿನಕ್ಕೆ ಹಲವು ಸಲ ಮನಸ್ಸಿನಲ್ಲೇ ಎಳೆಯುತ್ತಾರೆ. ಬೆಳಗ್ಗೆ ಎಂಟಕ್ಕೆ ಒಂದು ದರ, ಹನ್ನೊಂದರ ಬಿಸಿಲಿಗೆ ಒಂದು ದರ, ಕೊನೆಯ ಬಸ್ಸಿನ ಹೊತ್ತಿಗೆ ಇನ್ನೊಂದು. ಗೆಣಸಿಗೆ ಅವಸರವಿಲ್ಲ, ಮುಂದಿನ ವಾರಕ್ಕೂ ತಡೆದೀತು. ಸೊಪ್ಪಿಗೆ ಅಂದೇ ಆಯುಸ್ಸು ಮುಗಿಯುತ್ತದೆ. ಕೆಲವರು ತೂಕ ಮಾಡದೆ ಪಾಲು ಹಾಕಿ ಮಾರುತ್ತಾರೆ. ಒಂದು ಪಾಲಿನಲ್ಲಿ ದೊಡ್ಡದೆರಡು ಸಣ್ಣದೆರಡು ಸೇರಿಸುವ ನ್ಯಾಯದ ದೃಷ್ಟಿ ತಕ್ಕಡಿಯದಕ್ಕಿಂತ ಕಡಮೆಯೆಂದು ನಾನು ಭಾವಿಸುವುದಿಲ್ಲ. ಬೆಳೆದವಳೂ ಅವಳೇ, ಹೊತ್ತವಳೂ ಅವಳೇ, ಮಾರಿದವಳೂ ಅವಳೇ. ನಡುವೆ ದಲ್ಲಾಳಿ ಇಲ್ಲ. ಬೆಳೆಗಾರನಿಗೂ ಕೊಳ್ಳುವವನಿಗೂ ನೇರ ಸಂಬಂಧ ಬರಬೇಕೆಂದು ಪಂಜಾಬಿನಲ್ಲಿ ೧೯೮೭ರಲ್ಲಿ ‘ಅಪ್ನಿ ಮಂಡಿ’ಯನ್ನೂ, ಆಂಧ್ರದಲ್ಲಿ ೧೯೯೯ರಲ್ಲಿ ‘ರೈತು ಬಜಾರ್’ಗಳನ್ನೂ, ಅದೇ ವರ್ಷ ತಮಿಳುನಾಡಿನಲ್ಲಿ ‘ಉಳವರ್ ಸಂದೈ’ಗಳನ್ನೂ ಸರ್ಕಾರಗಳು ಆರಂಭಿಸಿದವು. ನಮ್ಮ ಸಂತೆಯ ಅಂಚಿನಲ್ಲಿ ಆ ಯೋಜನೆ ಯಾವ ಉದ್ಘಾಟನೆಯೂ ಇಲ್ಲದೆ ಎಷ್ಟೋ ತಲೆಮಾರುಗಳಿಂದ ನಡೆದುಬಂದಿದೆ.

ಬೇಸಾಯವೆಲ್ಲ ಹೆಂಗಸರದೇ, ಗಂಡಸರು ಕೈಕಟ್ಟಿ ಕುಳಿತಿರುತ್ತಾರೆ ಎಂದು ನಾನು ಹೇಳುತ್ತಿಲ್ಲ. ನನ್ನ ತಂದೆ ಅಗೆಯದ ಬಾವಿಯಿಂದ ತಾಯಿ ನೀರು ಸೇದಲಾರಳು. ಆದರೆ ಬೀಜದ ವಿಷಯದಲ್ಲಿ ಮಾತ್ರ ಯಾರೂ ವಾದ ಮಾಡಲಾರರು. ಯಾವ ಮೊಗೆಕಾಯಿಯನ್ನು ಬೀಜಕ್ಕೆ ಬಿಡಬೇಕು, ಯಾವುದನ್ನು ಬೂದಿಯಲ್ಲಿ ಹೊರಳಿಸಿಡಬೇಕು, ಯಾವುದನ್ನು ಸಗಣಿಯಲ್ಲಿ ಕಲಸಿ ಗೋಡೆಗೆ ತಟ್ಟಬೇಕು, ಯಾವುದನ್ನು ಒಲೆಯ ಹೊಗೆ ತಾಗುವಂತೆ ಅಟ್ಟಕ್ಕೆ ತೂಗಿಸಬೇಕು ಎಂಬ ಶಾಸ್ತ್ರ ಅತ್ತೆಯಿಂದ ಸೊಸೆಗೆ, ತಾಯಿಯಿಂದ ಮಗಳಿಗೆ ಬಂದದ್ದು. ಶಿರಸಿಯಲ್ಲಿ ೨೦೦೧ರಿಂದ ‘ವನಸ್ತ್ರೀ’ ಸಂಸ್ಥೆಯ ಹೆಂಗಸರು ಮಲೆನಾಡಿನ ಹಿತ್ತಿಲಬೀಜಗಳನ್ನು ಉಳಿಸಿ ಹಂಚುವ ಕೆಲಸವನ್ನು ಮಾಡುತ್ತ ಬಂದಿದ್ದಾರೆ. ಬಯಲುಸೀಮೆಯ ಕುಂದಗೋಳ ತಾಲ್ಲೂಕಿನ ತೀರ್ಥ ಎಂಬ ಗ್ರಾಮದಲ್ಲಿ ಬೀಬಿ ಫಾತಿಮಾ ಮಹಿಳಾ ಸ್ವಸಹಾಯ ಸಂಘದವರು ಸಿರಿಧಾನ್ಯಗಳ ಬೀಜನಿಧಿಯನ್ನು ಕಟ್ಟಿದರು. ೨೦೨೫ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಅವರಿಗೆ ಬಂದಿತು. ಇವರನ್ನೆಲ್ಲ ಏನೆಂದು ಕರೆಯಬೇಕು? ಪತ್ರಿಕೆಗಳು ‘ಮಹಿಳೆಯರ ಸಾಧನೆ’ ಎಂದು ಬರೆಯುತ್ತವೆ. ‘ರೈತರ ಸಾಧನೆ’ ಎಂದು ಏಕೆ ಬರೆಯಬಾರದು?

ಇದರ ಕಾರಣವನ್ನು ಹುಡುಕುತ್ತ ಹೋದರೆ ಆ ಶಬ್ದದ ಚರಿತ್ರೆಯೇ ಒಂದು ಸುಳಿವು ಕೊಡುತ್ತದೆ. ‘ರೈತ’ ಎಂಬುದು ಅಚ್ಚಗನ್ನಡದ ಮಾತಲ್ಲ. ಅರಬ್ಬಿ ಮೂಲದ ‘ರೈಯತ್’ ಎಂಬುದರಿಂದ ಬಂದದ್ದು. ಅದರ ಮೂಲಾರ್ಥ ಬೇಸಾಯಗಾರನೆಂದಲ್ಲ, ಪ್ರಜೆ, ಆಳಲ್ಪಡುವವನು ಎಂದು. ಟಿಪ್ಪು ಸುಲ್ತಾನನ ಪತನವಾದ ೧೭೯೯ರಲ್ಲಿ ನಮ್ಮ ಈ ಕೆನರಾ ಸೀಮೆಗೆ ಕಲೆಕ್ಟರನಾಗಿ ಬಂದವನು ಥಾಮಸ್ ಮನ್ರೋ. ಮುಂದೆ ರೈತವಾರಿ ಪದ್ಧತಿಗೆ ಹೆಸರಾದವನು ಅವನೇ. ಸರ್ಕಾರಕ್ಕೆ ಯಾರು ನೇರವಾಗಿ ಕಂದಾಯ ಕಟ್ಟುತ್ತಾನೋ, ಯಾರ ಹೆಸರು ಲೆಕ್ಕದ ಪುಸ್ತಕದಲ್ಲಿದೆಯೋ ಅವನು ರೈತ. ಹೀಗೆ ಆ ಶಬ್ದ ಗದ್ದೆಯಿಂದ ಹುಟ್ಟಲಿಲ್ಲ. ಕಚೇರಿಯ ಕಡತದಿಂದ ಬೆಳೆಯಿತು. ಕಡತದಲ್ಲಿದ್ದ ಹೆಸರು ಮನೆಯ ಯಜಮಾನನದು. ಸ್ತ್ರೀಲಿಂಗ ರೂಪಕ್ಕೆ ಅಲ್ಲಿ ಅಗತ್ಯವೇ ಬೀಳಲಿಲ್ಲ ಎಂದು ನನ್ನ ಅಲ್ಪಮತಿಗೆ ತೋರುತ್ತದೆ. ಭಾಷಾಪಂಡಿತರು ಒಪ್ಪದಿದ್ದರೆ ಮುಂದಿನ ಸಂಚಿಕೆಯಲ್ಲಿ ಖಂಡಿಸಲಿ.

ಸ್ವಾತಂತ್ರ್ಯ ಬಂದ ಮೇಲೆ ಈ ಲೋಪ ಸರಿಹೋಗಬಹುದಿತ್ತು. ನಮ್ಮ ರಾಜ್ಯದಲ್ಲಿ ೧೯೭೪ರಲ್ಲಿ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿ ಗೇಣಿ ಪದ್ಧತಿಯನ್ನು ತೊಡೆದುಹಾಕಿತು. ಉತ್ತರ ಕನ್ನಡ ದಕ್ಷಿಣ ಕನ್ನಡಗಳಲ್ಲಿ ಎಷ್ಟೋ ಗೇಣಿದಾರರ ಮನೆಯಲ್ಲಿ ಅದು ದೀಪ ಹಚ್ಚಿತು. ಅದರ ಮಹತ್ತ್ವವನ್ನು ನಾನು ಕಡಮೆ ಮಾಡುವವಳಲ್ಲ. ಆದರೆ ಅಂದಿನ ಘೋಷಣೆಯನ್ನು ಕಿವಿಗೊಟ್ಟು ಕೇಳಿ: ‘ಉಳುವವನೇ ಹೊಲದೊಡೆಯ.’ ಎರಡೂ ಪದಗಳು ಪುಲ್ಲಿಂಗ! ನೇಗಿಲನ್ನು ಹೆಣ್ಣು ಮುಟ್ಟಬಾರದೆಂಬ ಕಟ್ಟುಪಾಡು ನಮ್ಮ ಹಳ್ಳಿಗಳಲ್ಲಿ ಬಹುಕಾಲ ನಡೆದದ್ದು ಎಲ್ಲರಿಗೂ ತಿಳಿದಿದೆ. ನೆಟ್ಟಿ ಅವಳದು, ಕಳೆ ಅವಳದು, ಕೊಯ್ಲು ಅವಳದು, ಬೀಜ ಅವಳದು. ಉಳುಮೆ ಮಾತ್ರ ಅವಳದಲ್ಲ. ಹಕ್ಕಾದರೋ ಉಳುವವನಿಗೆ. ಗೇಣಿಯ ಭೂಮಿ ಸಾಮಾನ್ಯವಾಗಿ ಗಂಡಸಿನ ಹೆಸರಿಗೆ ದಾಖಲಾಯಿತು, ಪಹಣಿಯಲ್ಲಿ ಅವನೇ ರೈತನಾದನು.

ಇಂದಿನ ಲೆಕ್ಕವನ್ನೂ ನೋಡೋಣ. ಭಾರತದ ಗ್ರಾಮಾಂತರದಲ್ಲಿ ದುಡಿಯುವ ಹೆಂಗಸರಲ್ಲಿ ನಾಲ್ವರಲ್ಲಿ ಮೂವರು ಕೃಷಿಯಲ್ಲಿದ್ದಾರೆಂದು ಕೇಂದ್ರ ಸರ್ಕಾರದ ಕಾರ್ಮಿಕ ಸಮೀಕ್ಷೆಗಳು ಹೇಳುತ್ತವೆ. ಅದೇ ಸರ್ಕಾರದ ೨೦೧೫–೧೬ರ ಕೃಷಿಗಣತಿಯ ಪ್ರಕಾರ ದೇಶದ ಸಾಗುವಳಿ ಹಿಡುವಳಿಗಳಲ್ಲಿ ಹೆಂಗಸರ ಹೆಸರಿನಲ್ಲಿರುವುವು ನೂರಕ್ಕೆ ಸುಮಾರು ೧೪ ಮಾತ್ರ. ಈ ಎರಡು ಅಂಕಿಗಳ ನಡುವಿನ ಕಂದರದಲ್ಲಿ ನಮ್ಮ ಸಂತೆಯ ಸಾಲು ಕುಳಿತಿದೆ. ಪಹಣಿ ಇಲ್ಲದವಳಿಗೆ ರೈತಳೆಂಬ ನೋಂದಣಿ ಇಲ್ಲ. ನೋಂದಣಿ ಇಲ್ಲದವಳಿಗೆ ಬೆಳೆಸಾಲ, ಬೆಳೆವಿಮೆ, ರಿಯಾಯಿತಿಯ ಪಂಪು, ಪರಿಹಾರದ ಹಣ ಯಾವುದೂ ಅವಳ ಕೈಗೆ ನೇರವಾಗಿ ಬರುವಂತಿಲ್ಲ. ನೆರೆ ಬಂದು ಓಳಿಗಳು ಕೊಚ್ಚಿಹೋದರೆ ಅಳುವವಳು ಒಬ್ಬಳು, ಅರ್ಜಿ ಹಾಕುವವನು ಇನ್ನೊಬ್ಬ. ನಾಳೆ ನಮ್ಮ ಊರಿನಲ್ಲಿಯೂ ನೆರೆರಾಜ್ಯಗಳ ಮಾದರಿಯ ರೈತರ ಮಾರುಕಟ್ಟೆ ಎದ್ದು, ‘ರೈತರಿಗೆ ಮಾತ್ರ ಗುರುತಿನ ಚೀಟಿ, ಪಹಣಿ ತನ್ನಿ’ ಎಂದರೆ, ಇಷ್ಟು ತಲೆಮಾರು ಸಂತೆಯನ್ನು ನಡೆಸಿದವಳು ಬಾಗಿಲಲ್ಲಿ ನಿಲ್ಲಬೇಕಾಗುತ್ತದೆ.

ಕಾನೂನು ಇಲ್ಲವೆಂದಲ್ಲ. ಹಿಂದೂ ಉತ್ತರಾಧಿಕಾರದ ಕಾಯಿದೆ ೧೯೫೬ರದು. ಕರ್ನಾಟಕವು ೧೯೯೪ರಲ್ಲಿಯೇ ಅಂದು ಮದುವೆಯಾಗದಿದ್ದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟಿತು. ೨೦೦೫ರಲ್ಲಿ ಇಡೀ ದೇಶಕ್ಕೆ ಅದು ವಿಸ್ತರಿಸಿತು. ತಂದೆ ಆಗ ಬದುಕಿದ್ದನೋ ಇಲ್ಲವೋ ಎಂಬ ತಕರಾರನ್ನೂ ೨೦೨೦ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಮಾನಿಸಿಬಿಟ್ಟಿತು. ಅಂದಮೇಲೆ ಪಹಣಿಯಲ್ಲಿ ಹೆಂಗಸರ ಹೆಸರೇಕೆ ಬರುತ್ತಿಲ್ಲ? ಉತ್ತರ ಕೋರ್ಟಿನಲ್ಲಿಲ್ಲ, ನಮ್ಮ ಜಗಲಿಯ ಮೇಲಿದೆ. ತಂದೆಯ ಕಾಲಾನಂತರ ಅಕ್ಕತಂಗಿಯರನ್ನು ಕರೆದು, ಊಟ ಹಾಕಿ, ಸೀರೆ ಕೊಟ್ಟು, ಅರಿಸಿನ ಕುಂಕುಮದ ನೆಪದಲ್ಲಿ ಹಕ್ಕುಬಿಡುಗಡೆಯ ಕಾಗದಕ್ಕೆ ಸಹಿ ಮಾಡಿಸುವ ಪದ್ಧತಿಯನ್ನು ಕಾಣದ ಮನೆಗಳು ಕಡಮೆ. ಸಹಿ ಮಾಡದಿದ್ದರೆ ತವರಿನ ಬಾಗಿಲು ಮುಚ್ಚುತ್ತದೆಂಬ ಭಯ. ಒಂದು ಸೀರೆಗೆ ಒಂದು ಎಕರೆ! ಇಷ್ಟು ಲಾಭದ ವ್ಯಾಪಾರ ನಮ್ಮ ಸಂತೆಯಲ್ಲಿ ಎಂದೂ ನಡೆದದ್ದಿಲ್ಲ. ಈ ಕಾಲೇಜಿನಲ್ಲಿ ಓದುತ್ತಿರುವ ನಮ್ಮಲ್ಲಿ ಬಹುಮಂದಿ ಸೋದರಿಯರ ಮುಂದೆ ಆ ಕಾಗದ ಒಂದಲ್ಲ ಒಂದು ದಿನ ಬರಲಿದೆ. ನನ್ನ ಮುಂದೆಯೂ ಬಂದೀತು. ನಾನು ಸಹಿ ಮಾಡುವುದಿಲ್ಲವೆಂದು ಇಲ್ಲಿಯೇ ಅಚ್ಚಿನಲ್ಲಿ ಬರೆದಿಡುತ್ತಿದ್ದೇನೆ. ನನ್ನ ತಮ್ಮನೂ ಇದೇ ಕಾಲೇಜಿನಲ್ಲಿದ್ದಾನೆ. ಅವನಿಗೂ ಒಂದು ಪ್ರತಿ ಸಿಗುತ್ತದೆ.

ಈಗ ಸನ್ಮಾನಗಳ ಮಾತು. ವಿಶ್ವಸಂಸ್ಥೆ ೨೦೨೬ನೆಯ ಇಸವಿಯನ್ನು ಅಂತಾರಾಷ್ಟ್ರೀಯ ರೈತ ಮಹಿಳೆಯರ ವರ್ಷವೆಂದು ಸಾರಿದೆ. ಅಕ್ಟೋಬರ್ ೧೫ ಮೊದಲಿನಿಂದಲೂ ಗ್ರಾಮೀಣ ಮಹಿಳೆಯರ ದಿನ. ಹೀಗಿರುವಲ್ಲಿ ಸಮಾರಂಭಗಳಿಗೆ ಕೊರತೆಯೇ ಇಲ್ಲ. ನಾನು ಕಂಡ ಒಂದು ಸಮಾರಂಭದಲ್ಲಿ ಸಂತೆಯ ಇಬ್ಬರು ಮುದುಕಿಯರನ್ನು ವೇದಿಕೆಗೆ ಕರೆದು, ಶಾಲು ಹೊದಿಸಿ, ‘ಅನ್ನದಾತೆ’ ಎಂದು ಹೊಗಳಿ, ತಲೆಗೊಂದು ಹಣ್ಣಿನ ಬುಟ್ಟಿಯನ್ನು ಕೊಟ್ಟರು. ಹಣ್ಣು ಮಾರುವವಳಿಗೆ ಹಣ್ಣಿನ ಬುಟ್ಟಿ! ಸಮಾರಂಭ ಏರ್ಪಟ್ಟದ್ದು ಭಾನುವಾರ; ಭಾಷಣಗಳು ಮುಗಿಯುವ ಹೊತ್ತಿಗೆ ಸಂತೆಯ ಹೊತ್ತೂ ಮುಗಿದಿತ್ತು. ಶಾಲು ಹೊದ್ದು ಹೊರಬಂದ ಒಬ್ಬಾಕೆ ಕೇಳಿದ್ದು ಒಂದೇ ಮಾತು: “ಸೊಪ್ಪು ಯಾರಾದ್ರೂ ತಕ್ಕಂಬತ್ರೇನ್ರೋ?” ಏರ್ಪಡಿಸಿದವರ ಸದುದ್ದೇಶದಲ್ಲಿ ನನಗೆ ಸಂದೇಹವಿಲ್ಲ. ಅಂಕೋಲೆಯ ಸುಕ್ರಿ ಬೊಮ್ಮಗೌಡರಿಗೂ ಹೊನ್ನಳ್ಳಿಯ ತುಳಸಿ ಗೌಡರಿಗೂ ಪದ್ಮಶ್ರೀ ಬಂದಾಗ ನಮ್ಮ ಜಿಲ್ಲೆಯೇ ಹಿಗ್ಗಿತು. ತುಳಸಿಯಜ್ಜಿ ೨೦೨೧ರಲ್ಲಿ ಬರಿಗಾಲಿನಲ್ಲಿ ರಾಷ್ಟ್ರಪತಿ ಭವನದಲ್ಲಿ ನಡೆದದ್ದನ್ನು ಯಾರು ಮರೆತಾರು? ಅವರಿಬ್ಬರೂ ಈಗಿಲ್ಲ. ಅವರಿಗೆ ಸಂದ ಗೌರವ ಸಾರ್ಥಕವಾದದ್ದು. ಆದರೆ ಒಬ್ಬರಿಬ್ಬರನ್ನು ಎತ್ತರದಲ್ಲಿ ಕೂರಿಸಿ ಉಳಿದವರನ್ನು ಗೋಡೆಯ ಬುಡದಲ್ಲಿಯೇ ಬಿಡುವುದು ಗೌರವದ ಅರ್ಧ ಮಾತ್ರ.

ಉಳಿದರ್ಧ ಯಾವುದು? ಅದು ತೀರ ಸಣ್ಣ ಸಣ್ಣ ಸಂಗತಿಗಳಲ್ಲಿದೆ. ಬೆಳಗಿನ ಆರರಿಂದ ಸಂಜೆಯವರೆಗೆ ಕೂರುವ ಹೆಂಗಸು ಮಧ್ಯಾಹ್ನದವರೆಗೆ ನೀರು ಕುಡಿಯುವುದಿಲ್ಲ. ಬಾಯಾರಿಕೆ ಇಲ್ಲವೆಂದಲ್ಲ, ಹತ್ತಿರದಲ್ಲಿ ಹೋಗಲು ಶೌಚಾಲಯವಿಲ್ಲವೆಂದು. ಇದನ್ನು ಬರೆಯಲು ನನಗೆ ಸಂಕೋಚವಿಲ್ಲ. ಮಳೆಗಾಲದಲ್ಲಿ ತಲೆಯ ಮೇಲೆ ಒಂದು ಸೂರು, ಕುಳಿತ ಜಾಗ ಮುಂದಿನ ವಾರವೂ ತನ್ನದೇ ಎಂಬ ಭರವಸೆ, ಒಂದು ಬುಟ್ಟಿಯವಳಿಗೂ ಒಂದು ಲಾರಿಯವನಿಗೂ ಒಂದೇ ಸುಂಕ ಬೀಳದಂತೆ ಒಂದು ವಿವೇಚನೆ, ಇಷ್ಟು ಸಾಕು. ೨೦೧೪ರ ಬೀದಿಬದಿ ವ್ಯಾಪಾರಿಗಳ ಕಾಯಿದೆಯಂತೆ ಪ್ರತಿ ಪಟ್ಟಣದ ವ್ಯಾಪಾರ ಸಮಿತಿಯಲ್ಲಿ ನೂರಕ್ಕೆ ೪೦ಕ್ಕೆ ಕಡಮೆಯಿಲ್ಲದಷ್ಟು ಮಂದಿ ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರರಲ್ಲೊಂದು ಪಾಲು ಹೆಂಗಸರಿರಬೇಕು. ಈ ಮಾತನ್ನು ನಮ್ಮ ಸಾಲಿನಲ್ಲಿ ನಾನು ವಿಚಾರಿಸಿದವರಲ್ಲಿ ಕೇಳಿಬಲ್ಲವರು ಒಬ್ಬರೂ ಇರಲಿಲ್ಲ.

ಹೆಂಗಸರು ಸಂತೆಯ ಅಂಚಿನಲ್ಲಿಯೇ ಕೂರಬೇಕೆಂದು ವಿಧಿಯೇನೂ ಇಲ್ಲ ಎಂಬುದಕ್ಕೆ ಈ ದೇಶದಲ್ಲಿಯೇ ನಿದರ್ಶನವಿದೆ. ಮಣಿಪುರದ ರಾಜಧಾನಿ ಇಂಫಾಲದಲ್ಲಿ ‘ಇಮಾ ಕೈತೆಲ್’, ಎಂದರೆ ತಾಯಂದಿರ ಮಾರುಕಟ್ಟೆ, ಊರಿನ ನಟ್ಟನಡುವೆ ಇದೆ. ಅಲ್ಲಿ ಅಂಗಡಿ ಹೂಡುವವರೆಲ್ಲರೂ ಮದುವೆಯಾದ ಹೆಂಗಸರೇ. ಸೊಪ್ಪು, ಮೀನು, ಕೈಮಗ್ಗದ ಬಟ್ಟೆ ಎಲ್ಲವನ್ನೂ ಸಾವಿರಾರು ಮಂದಿ ತಾಯಂದಿರು ಮಾರುತ್ತಾರೆ. ೧೯೩೯ರ ಡಿಸೆಂಬರಿನಲ್ಲಿ ಅಕ್ಕಿಯನ್ನು ಹೊರಕ್ಕೆ ಸಾಗಿಸಿ ಊರಿಗೆ ಬರ ತಂದಾಗ ದರಬಾರಿನ ಅಧಿಕಾರಿಗಳಿಗೆ ಮುತ್ತಿಗೆ ಹಾಕಿದವರು ಮಣಿಪುರದ ಈ ವ್ಯಾಪಾರದ ಹೆಂಗಸರೇ. ನಮ್ಮವರು ಹಾಗೆ ಮುತ್ತಿಗೆ ಹಾಕಲೆಂದು ನಾನು ಬಯಸುವುದಿಲ್ಲ. ಬಯಸಿದರೂ ಸಂಪಾದಕರು ಅಚ್ಚುಮಾಡುವುದಿಲ್ಲ.

ಭೂಮಿ ಯಾರ ಹೆಸರಿನಲ್ಲಿಯೇ ಇರಲಿ, ಬೇಸಾಯ ಮಾಡುವವಳನ್ನು ರೈತಳೆಂದು ಮಾನ್ಯಮಾಡುವ ದಾರಿಯೂ ಉಂಟು. ೨೦೦೭ರ ರಾಷ್ಟ್ರೀಯ ರೈತನೀತಿ ಭೂಮಿಯ ಒಡೆತನವಿಲ್ಲದ ಗೇಣಿದಾರರು ಮತ್ತು ಕೃಷಿ ಕೂಲಿಕಾರರನ್ನೂ ರೈತರೆಂದೇ ಎಣಿಸಿತು. ಡಾ. ಎಂ. ಎಸ್. ಸ್ವಾಮಿನಾಥನ್ ಅವರು ರಾಜ್ಯಸಭೆಯ ಸದಸ್ಯರಾಗಿದ್ದಾಗ ೨೦೧೨ರಲ್ಲಿ ರೈತ ಮಹಿಳೆಯರ ಹಕ್ಕುಗಳ ಒಂದು ಖಾಸಗಿ ಮಸೂದೆಯನ್ನು ಮಂಡಿಸಿದರು. ಗ್ರಾಮಸಭೆಯ ಒಪ್ಪಿಗೆಯ ಮೇಲೆ ಪಂಚಾಯತಿಯೇ ಆಕೆಗೆ ಪ್ರಮಾಣಪತ್ರ ಕೊಡಬೇಕೆಂಬುದು ಅದರ ಸಾರ. ಊರಿಗೆ ಗೊತ್ತಿರುವ ಸತ್ಯವನ್ನು ಊರೇ ಬರೆದುಕೊಡುವುದು! ಇದಕ್ಕಿಂತ ಸರಳವಾದುದು ಇನ್ನೇನಿದೆ? ಆದರೆ ಅವರ ಅವಧಿ ೨೦೧೩ರಲ್ಲಿ ಮುಗಿದೊಡನೆ ಮಸೂದೆಯೂ ಬಿದ್ದುಹೋಯಿತು.

ದಿಲ್ಲಿಯ ಮಾತು ದಿಲ್ಲಿಗಿರಲಿ. ನಮ್ಮ ಕೈಯಲ್ಲಿರುವುದನ್ನು ನೋಡೋಣ. ಕಾಲೇಜುಗಳ ಪ್ರವೇಶದ ಅರ್ಜಿಯಲ್ಲಿ ತಂದೆಯ ಉದ್ಯೋಗ, ತಾಯಿಯ ಉದ್ಯೋಗ ಎಂದು ಎರಡು ಅಂಕಣಗಳಿರುತ್ತವೆ. ಹಳ್ಳಿಯಿಂದ ಬಂದ ಮಕ್ಕಳ ಅರ್ಜಿಗಳಲ್ಲಿ ಮೊದಲನೆಯದರಲ್ಲಿ ‘ಕೃಷಿ’ ಎಂದೂ ಎರಡನೆಯದರಲ್ಲಿ ‘ಗೃಹಿಣಿ’ ಎಂದೂ ಕಣ್ಣು ಮುಚ್ಚಿಕೊಂಡು ಬರೆಯುವುದು ವಾಡಿಕೆ. ಹನ್ನೆರಡನೆಯ ಶತಮಾನದ ಶರಣೆಯರನ್ನು ನೆನೆಯಿರಿ. ಆಯ್ದಕ್ಕಿ ಲಕ್ಕಮ್ಮ, ಕದಿರ ರೆಮ್ಮವ್ವೆ: ಅಕ್ಕಿ ಆಯುವುದೂ ನೂಲುವುದೂ ಅವರ ಹೆಸರಿನ ತಲೆಯಲ್ಲಿಯೇ ಕುಳಿತಿವೆ. ಎಂಟು ನೂರು ವರ್ಷಗಳ ಹಿಂದೆ ಹೆಸರಿನೊಳಗೆ ಹಿಡಿಸಿದ ಕಾಯಕ ಇಂದು ಅರ್ಜಿಯ ಅಂಕಣದೊಳಗೆ ಹಿಡಿಸದೇ ಹೋಯಿತೆ? ಬರುವ ವರ್ಷ ಪ್ರವೇಶ ಪಡೆಯುವ ತಮ್ಮತಂಗಿಯರಿಗೆ ನನ್ನ ವಿನಂತಿ ಇಷ್ಟೇ: ತಾಯಿ ಗದ್ದೆಗೆ ಹೋಗುತ್ತಿದ್ದರೆ ‘ಕೃಷಿ’ ಎಂದು ಬರೆಯಿರಿ, ಚಾಪೆ ಹೆಣೆಯುತ್ತಿದ್ದರೆ ‘ಚಾಪೆ ಹೆಣೆಯುವುದು’ ಎಂದು ಬರೆಯಿರಿ. ಕಚೇರಿಯವರು ಹೊಡೆದುಹಾಕಿದರೆ ಇನ್ನೊಮ್ಮೆ ಬರೆಯಿರಿ.

ಇನ್ನೊಂದು ಕೆಲಸವನ್ನು ಗೆಳತಿಯರು ಕೆಲವರು ಸೇರಿ ಮಾಡಬೇಕೆಂದಿದ್ದೇವೆ. ಸಂತೆಯ ಅಂಚಿನಲ್ಲಿ ಕೂರುವವರ ಹೆಸರು, ಊರು, ಬೆಳೆದ ಅಥವಾ ಮಾಡಿದ ವಸ್ತು, ಗದ್ದೆಯ ಪಹಣಿ ಯಾರ ಹೆಸರಿನಲ್ಲಿದೆ ಎಂಬುದನ್ನು ಅವರ ಒಪ್ಪಿಗೆ ಪಡೆದು ಬರೆದುಕೊಂಡು, ಆ ಪಟ್ಟಿಯನ್ನು ನಗರಸಭೆಗೂ ಕೃಷಿ ಇಲಾಖೆಗೂ ಒಪ್ಪಿಸುವುದು. ಅರ್ಥಶಾಸ್ತ್ರದ ಅಧ್ಯಾಪಕರೊಬ್ಬರು ಪ್ರಶ್ನಾವಳಿಯನ್ನು ತಿದ್ದಿಕೊಡಲು ಒಪ್ಪಿದ್ದಾರೆ. ರಜೆ ಕಳೆದು ಕಾಲೇಜು ತೆರೆದ ಮೊದಲ ಭಾನುವಾರ ಬೆಳಗ್ಗೆ ಏಳು ಗಂಟೆಗೆ ಸಂತೆಯಲ್ಲಿ ಸೇರುತ್ತೇವೆ. ಹುಡುಗರೂ ಬರಬಹುದು. ಬರುವವರು ಒಂದು ನೋಟುಪುಸ್ತಕವನ್ನು ತರಬೇಕು. ಜೂನ್ ತಿಂಗಳಾದುದರಿಂದ ಎರಡು ಕೊಡೆಗಳನ್ನು ತಂದರೆ ಒಳ್ಳೆಯದು, ಒಂದು ತಮಗೆ, ಒಂದು ಮಾತಾಡಿಸುವವರ ಬುಟ್ಟಿಗೆ.